ಚಳಿಗೆ ಮೊಸಳೆ ಮಲಗಿರುತ್ತದೆಯೇ?

ಪ್ರಶ್ನೆ: ಎಳ್ಳಮಾವಾಸ್ಯೆ ಮುಗಿದ ಮೇಲೆ ಗೆಳೆಯರೆಲ್ಲ ಸೇರಿ ಭೀಮಾ ದಂಡೆ ಹಿಡಿದು ಸನ್ನತಿಯ ಕಡೆಗೆ ನಡೆದುಹೋಗಬೇಕೆಂದಿದ್ದೇವೆ. ಚಳಿಗಾಲದಲ್ಲಿ ಮೊಸಳೆಗಳು ಬಿಲದಲ್ಲಿ ಮಲಗಿರುವುದರಿಂದ ಭಯವಿಲ್ಲ, ಅಲ್ಲವೇ?

ಉತ್ತರ: ನಡೆಯಿರಿ, ಖಂಡಿತ ನಡೆಯಿರಿ. ತೊಗರಿ ರಾಶಿಯ ಕಾಲ, ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ, ಬಿಸಿಲೂ ಹಿತ. ಏಪ್ರಿಲ್‌ನಲ್ಲಿ ಈ ದಾರಿಯ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಎರಡನೆಯ ವಾಕ್ಯದ ಮೇಲೆ. ಪ್ರತಿ ಚಳಿಗಾಲವೂ ಇದೇ ಮಾತು ಬರುತ್ತದೆ, ಪ್ರತಿ ಸಲವೂ ನಾನು ಅಲ್ಲವೆನ್ನುತ್ತೇನೆ, ಮುಂದಿನ ವರ್ಷ ಅದು ಮತ್ತೆ ಹಾಜರಾಗುತ್ತದೆ.

ಮೊಸಳೆ ಶೀತರಕ್ತದ ಪ್ರಾಣಿ ಎಂದು ಶಾಲೆಯಲ್ಲಿ ಓದಿದ್ದೀರಿ. ಅಲ್ಲಿಂದ ನೇರವಾಗಿ ‘ಚಳಿಗೆ ಮಲಗುತ್ತದೆ’ ಎಂಬಲ್ಲಿಗೆ ಜಿಗಿದಿದ್ದೀರಿ. ಶೀತರಕ್ತ ಎಂದರೆ ಮೈಯ ಕಾವನ್ನು ಹೊರಗಿನಿಂದ ಪಡೆಯಬೇಕು ಎಂದಷ್ಟೇ ಅರ್ಥ. ಕಾವು ಬೇಕಾದ ಪ್ರಾಣಿ ಬಿಸಿಲಿಗೆ ಬರುತ್ತದೆಯೋ, ಕತ್ತಲೆಯ ಬಿಲಕ್ಕೆ ಹೋಗುತ್ತದೆಯೋ? ಡಿಸೆಂಬರ್, ಜನವರಿಯಲ್ಲಿ ಕಲಬುರಗಿಯ ಹಗಲು 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ರಾತ್ರಿ ಸಾಮಾನ್ಯವಾಗಿ 15ರ ಹತ್ತಿರ. ನಾವು ಕಂಬಳಿ ಹೊದೆಯುತ್ತೇವೆ ಎಂದು ಮೊಸಳೆ ತಿಂಗಳುಗಟ್ಟಲೆ ನಿದ್ದೆ ಹೋಗಬೇಕೆಂದೇನೂ ಇಲ್ಲ.

ಬಿಲದ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ನದಿಗಳ ಮೊಸಳೆ ದಂಡೆಯ ಮಣ್ಣಿನಲ್ಲಿ ಆಳವಾದ ಬಿಲ ತೋಡುತ್ತದೆ, ವಿಪರೀತ ಚಳಿಯಲ್ಲೂ ವಿಪರೀತ ಸೆಕೆಯಲ್ಲೂ ಅದರೊಳಗೆ ಸೇರುತ್ತದೆ. ಆದರೆ ನಮ್ಮ ಕಡೆ ವಿಪರೀತ ಯಾವುದು? 40 ದಾಟುವ ಬೇಸಿಗೆ. ನೀರು ಬತ್ತಿ ದಂಡೆ ಕಾದಾಗ ಆ ಬಿಲ ಕೆಲಸಕ್ಕೆ ಬರುತ್ತದೆ. ಅಂದರೆ ನಂಬಿಕೆ ತಲೆಕೆಳಗಾಗಿದೆ. ಚಳಿಗಾಲದಲ್ಲಿ ಅದು ರಾತ್ರಿ ನೀರಿನಲ್ಲಿದ್ದು, ಬಿಸಿಲೇರಿದ ಮೇಲೆ ಮರಳ ದಿಬ್ಬಕ್ಕೋ ಬಂಡೆಗೋ ಬಂದು ಕೊರಡಿನಂತೆ ಬಿದ್ದಿರುತ್ತದೆ. ಬಾಯಿ ತೆರೆದಿದ್ದರೆ ಸತ್ತಿದೆ ಎಂದು ಕಲ್ಲೆಸೆಯುವವರಿದ್ದಾರೆ. ದಯವಿಟ್ಟು ಬೇಡ. ಅದು ಬದುಕಿದೆ, ನಿಮ್ಮನ್ನು ನೋಡುತ್ತಲೂ ಇರಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಅಂದರೆ ಅತಿ ಹೆಚ್ಚಿನ ರಕ್ಷಣೆ ಪಡೆದ ಪ್ರಾಣಿ ಎಂಬುದೂ ನೆನಪಿರಲಿ. ಇನ್ನೊಂದು: ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೆಣ್ಣು ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಅದಕ್ಕೂ ಮುಂಚೆ ಕೂಡುವ ಕಾಲ ಬರಬೇಕಲ್ಲ? ಅದು ಈ ಚಳಿಯ ದಿನಗಳೇ. ನಿದ್ದೆಗೆ ಬಿಡುವೆಲ್ಲಿದೆ?

ಹಾಗಾದರೆ ನಡೆಯುವುದು ಹೇಗೆ? ಮೊಸಳೆ ದಾರಿಯಲ್ಲಿ ಅಟ್ಟಿಸಿಕೊಂಡು ಬರುವುದಿಲ್ಲ, ನೀರಿನಂಚಿನಲ್ಲಿ ಕಾಯುತ್ತದೆ. ದನ ನೀರು ಕುಡಿಯುವ ಇಳಿಜಾರಿನಲ್ಲಿ, ಆಪಿನ, ಅಂದರೆ ಜೊಂಡುಹುಲ್ಲಿನ, ನಡುವೆ ಕುಳಿತು ಮುಖ ತೊಳೆಯಬೇಡಿ. ಹೊಲದ ಬದುವಿನ ದಾರಿ ಹಿಡಿಯಿರಿ. ಸೆಲ್ಫಿಗೆಂದು ಅಂಚಿಗಿಳಿಯುವ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬನಿರುತ್ತಾನೆ, ಅವನನ್ನು ನಡುವೆ ಇಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ ಮೊಸಳೆಗಿಂತ ನನಗೆ ಹೆಚ್ಚು ಭಯ ಮರಳು ತೆಗೆದು ಬಿಟ್ಟ ಗುಂಡಿಗಳದ್ದು. ಮೊಣಕಾಲುದ್ದ ನೀರೆಂದು ಇಳಿದವರು ಮುಂದಿನ ಹೆಜ್ಜೆಗೆ ಮುಳುಗುತ್ತಾರೆ.

ಬಲೆ ಎತ್ತುತ್ತಿರುವ ಅಂಬಿಗರು ಸಿಕ್ಕರೆ ‘ಕಾಕಾ, ಮುಂದೆ ಹೇಗಿದೆ?’ ಎಂದು ಕೇಳಿ. ಯಾವ ಮಡುವಿನಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತು. ಮೀನು ಕೇಳಿ ನಿರಾಶರಾದರೆ ಅವರ ಮೇಲೆ ಬೇಸರ ಬೇಡ. ಚಳಿಯಲ್ಲಿ ಮೀನು ಕಡಿಮೆ ಏಕೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೀನೂ ಶೀತರಕ್ತದ್ದೇ. ನೀರು ತಣ್ಣಗಾದಾಗ ಕಾಟ್ಲಾ, ರೋಹು ಕಡಿಮೆ ತಿನ್ನುತ್ತವೆ, ಕಡಿಮೆ ಓಡಾಡುತ್ತವೆ, ಆಳಕ್ಕೆ ಸರಿಯುತ್ತವೆ. ನೀರಿಗೆ ಅಡ್ಡಲಾಗಿ ಕಟ್ಟಿದ ಬಲೆಗೆ ಮೀನು ತಾನಾಗಿ ಬಂದು ಸಿಕ್ಕಿಕೊಳ್ಳಬೇಕು. ಅದು ಓಡಾಡದಿದ್ದರೆ ಬಲೆ ರಾತ್ರಿಯಿಡೀ ಕಾದರೂ ಖಾಲಿ. ಮೊಸಳೆ ಹಿಂದಿನ ರಾತ್ರಿಯೇ ಹರಿದುಹೋದ ಬಲೆಯಾದರೆ ಇನ್ನೂ ಖಾಲಿ. ಆದ್ದರಿಂದ ಸಿಕ್ಕಷ್ಟನ್ನು ಅವರು ಹೇಳಿದ ಬೆಲೆಗೆ ಕೊಳ್ಳಿ, ಚೌಕಾಶಿಯನ್ನು ಊರಿನ ಸಂತೆಗೆ ಇಟ್ಟುಕೊಳ್ಳಿ.