ಕೈಯೋ, ಹಿಂಗಾಲೋ: ಡ್ರೆಸ್ಸೇಜ್ ಕುದುರೆಯ ತಲೆ ಬಾಗಿಸುವ ಹಳೇ ತಕರಾರು

ಡ್ರೆಸ್ಸೇಜ್ ಎಂದರೆ ಸವಾರನ ಸನ್ನೆಗೆ ತಕ್ಕಂತೆ ಕುದುರೆ ಗೊತ್ತುಪಡಿಸಿದ ನಡೆಗಳನ್ನು ಮಾಡಿ ತೋರಿಸುವ, ತೀರ್ಪುಗಾರರು ಅಂಕ ಕೊಡುವ ಆಟ. ಅದರಲ್ಲಿ ಕುದುರೆಯ ತಲೆ ಹೇಗಿರಬೇಕು ಎಂಬ ಬಗ್ಗೆ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವಾದ ಎಫ್‌ಇಐನ ನಿಯಮಪುಸ್ತಕದಲ್ಲಿ ಯಾವ ಗೊಂದಲವೂ ಇಲ್ಲ. ಕತ್ತಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ನೆತ್ತಿಯಾಗಿರಬೇಕು. ಹಣೆಯಿಂದ ಮೂಗಿಗೆ ಇಳಿಯುವ ಗೆರೆ ನೆಲಕ್ಕೆ ಇಳಿಬಿಟ್ಟ ತೂಗುಗುಂಡಿನ ದಾರಕ್ಕಿಂತ ತುಸು ಮುಂದಿರಬೇಕು. ಈಗ ಯಾವುದಾದರೂ ದೊಡ್ಡ ಪಂದ್ಯದ ಪಕ್ಕನೋಟದ ಫೋಟೋಗಳನ್ನು ಮುಂದಿಟ್ಟುಕೊಂಡು ಒಂದು ಕಡ್ಡಿ ಹಿಡಿದು ನೋಡಿ. ಮೂಗು ಆ ಗೆರೆಯ ಹಿಂದೆ, ಎದೆಯ ಕಡೆಗೆ ಸರಿದಿರುವ ಕುದುರೆಗಳು ಒಂದೆರಡಲ್ಲ. ನೆತ್ತಿಯ ಬದಲು ಕತ್ತಿನ ನಡುಭಾಗವೇ ಮೇಲೆದ್ದಿರುತ್ತದೆ. ಹಾಗಿದ್ದೂ ಅಂಕ ಬಿದ್ದಿರುತ್ತದೆ. ಡ್ರೆಸ್ಸೇಜ್ ಪಳಗಿಕೆ ಕುದುರೆಗೆ ಹಿತವೋ ಹಿಂಸೆಯೋ ಎಂಬ ಜಗಳವೆಲ್ಲ ನಿಯಮಕ್ಕೂ ಅಂಕಕ್ಕೂ ನಡುವಿನ ಈ ಕೆಲವೇ ಡಿಗ್ರಿಗಳಲ್ಲಿ ಅಡಗಿದೆ.

ಮೊದಲು ದೇಹದ ಲೆಕ್ಕ. ಕುದುರೆ ತನ್ನ ಭಾರದ ಹೆಚ್ಚು ಪಾಲನ್ನು ಹುಟ್ಟಿನಿಂದಲೇ ಮುಂಗಾಲುಗಳ ಮೇಲೆ ಹೊರುತ್ತದೆ. ಅದರ ಮೇಲೆ ಸವಾರ ಕೂತರೆ ಮುಂಗಾಲಿಗೆ ಇನ್ನಷ್ಟು ಹೊರೆ. ವರ್ಷಗಟ್ಟಲೆ ವ್ಯಾಯಾಮ ಮಾಡಿಸಿ ಹಿಂಗಾಲುಗಳು ಹೊಟ್ಟೆಯ ಅಡಿಗೆ ಹೆಜ್ಜೆ ಹಾಕುವಂತೆ, ಸೊಂಟ ತಗ್ಗಿ ಬೆನ್ನು ಮೇಲೇಳುವಂತೆ ಮಾಡುವುದೇ ಡ್ರೆಸ್ಸೇಜ್‌ನ ತಿರುಳು. ಹಾಗಾದಾಗ ಮುಂಭಾಗ ಹಗುರಾಗುತ್ತದೆ, ಕತ್ತು ತಾನಾಗಿಯೇ ಕಮಾನಾಗುತ್ತದೆ. ಕಮಾನು ಎಂಬುದು ಫಲ, ಕೊನೆಗೆ ಬರುವಂಥದ್ದು. ಅವಸರಕ್ಕೆ ಬಿದ್ದವರು ಲಗಾಮು ಎಳೆದು ಕಮಾನನ್ನೇ ಮೊದಲು ತರಿಸುತ್ತಾರೆ. ದೂರದಿಂದ ನೋಡುವವರಿಗೆ ಎರಡೂ ಒಂದೇ. ಕುದುರೆಗೆ ಮಾತ್ರ ಒಂದರಲ್ಲಿ ಬೆನ್ನು ಗಟ್ಟಿಯಾಗುತ್ತದೆ, ಇನ್ನೊಂದರಲ್ಲಿ ಬೆನ್ನು ಕುಸಿದು ಹಿಂಗಾಲು ಹಿಂದೆಯೇ ಉಳಿಯುತ್ತದೆ.

ಈ ತಿಳಿವಳಿಕೆ ಹೊಸದಲ್ಲ. ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಗ್ರೀಕ್ ಸೇನಾನಿ ಜೆನೊಫನ್ ಕುದುರೆ ಸವಾರಿಯ ಮೇಲೆ ಬರೆದ ಪುಸ್ತಕದಲ್ಲಿ, ಬಲವಂತಕ್ಕೆ ಮಾಡಿದ್ದನ್ನು ಕುದುರೆ ಅರ್ಥ ಮಾಡಿಕೊಂಡು ಮಾಡುವುದಿಲ್ಲ, ಅದರಲ್ಲಿ ಚೆಲುವೂ ಇರುವುದಿಲ್ಲ ಎಂದು ಹೇಳಿ, ನರ್ತಕನನ್ನು ಚಾವಟಿಯಿಂದ ಹೊಡೆದು ಕುಣಿಸುವುದಕ್ಕೆ ಅದನ್ನು ಹೋಲಿಸಿದ. ಹಿತವಾದ ಪಳಗಿಕೆಯ ಪರ ಮಾತಾಡುವವರೆಲ್ಲ ಇದನ್ನು ಉದ್ಧರಿಸುತ್ತಾರೆ. ಅದೇ ಪುಸ್ತಕದಲ್ಲಿ ಆತ ಎರಡು ಕಡಿವಾಣ ಇಟ್ಟುಕೊಳ್ಳಲು ಹೇಳುತ್ತಾನೆ, ಒಂದು ನುಣುಪಿನದು, ಇನ್ನೊಂದು ಮೊನೆಗಳಿರುವ ಒರಟಿನದು. ಒರಟಿನದನ್ನು ಕಂಡ ಕುದುರೆ ನುಣುಪಿನದನ್ನು ಮೆಚ್ಚುತ್ತದೆ ಎಂಬುದು ಆತನ ತರ್ಕ. ಇದನ್ನು ಮಾತ್ರ ಯಾರೂ ಉದ್ಧರಿಸುವುದಿಲ್ಲ. ಮೃದುತ್ವವೂ ಅದರ ಹಿಂದಿನ ಬೆದರಿಕೆಯೂ ಈ ವಿದ್ಯೆಯಲ್ಲಿ ಮೊದಲಿನಿಂದ ಜೊತೆಜೊತೆಯಾಗಿಯೇ ಬಂದಿವೆ.

1550ರಲ್ಲಿ ನೇಪಲ್ಸ್‌ನ ಫೆಡೆರಿಕೊ ಗ್ರಿಸೋನೆ ಬರೆದ ಸವಾರಿ ಕೈಪಿಡಿ ಯುರೋಪಿನ ಅರಮನೆಗಳಲ್ಲೆಲ್ಲ ಓಡಾಡಿತು. ಹಟಮಾರಿ ಕುದುರೆಗೆ ಅದರಲ್ಲಿದ್ದ ಮದ್ದುಗಳಲ್ಲಿ ಒಂದು, ಕೋಲಿನ ತುದಿಗೆ ಜೀವಂತ ಬೆಕ್ಕನ್ನು ಕಟ್ಟಿ ಹಿಂಗಾಲುಗಳ ನಡುವೆ ತೂರಿಸುವುದು. ಫ್ರಾನ್ಸಿನ ದೊರೆ ಹದಿಮೂರನೇ ಲೂಯಿಗೆ ಸವಾರಿ ಕಲಿಸಿದ ಪ್ಲುವಿನೆಲ್ ಇದಕ್ಕೆ ತಿರುಗಿ ನಿಂತ. ಪ್ರತಿ ಕುದುರೆಯ ಸ್ವಭಾವ ನೋಡಿ ಕಲಿಸಬೇಕು, ಹೊಡೆತ ಕಡಿಮೆ ಇರಬೇಕು ಎಂದ. ಫ್ರಾನ್ಸಿನದೇ ಇನ್ನೊಬ್ಬ ಸವಾರಿ ಗುರು ಲಾ ಗೆರಿನಿಯೇರ್ 1733ರಲ್ಲಿ ಭುಜವನ್ನು ಒಳಗೆ ತಂದು ಓರೆಯಾಗಿ ನಡೆಸುವ ವ್ಯಾಯಾಮವನ್ನು ವಿವರಿಸಿದ. ಹಿಂಗಾಲನ್ನು ಹೊಟ್ಟೆಯಡಿಗೆ ತರಿಸಲು ಈಗಲೂ ಅದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ. ವಿಯೆನ್ನಾದ ಸ್ಪ್ಯಾನಿಷ್ ಸವಾರಿ ಶಾಲೆ ಇಂದಿಗೂ ಹಿಡಿದಿರುವುದು ಅವನ ದಾರಿಯನ್ನೇ.

ಅಲ್ಲಿಂದ ಈ ವಿದ್ಯೆ ಅಶ್ವದಳಗಳ ಕೈಸೇರಿತು. ಸೈನಿಕನಿಗೆ ಬೇಕಾದದ್ದು ಒಂದೇ ಕೈಯಲ್ಲಿ ಮಾತು ಕೇಳುವ, ಹತ್ತಾರು ವರ್ಷ ಕುಂಟದೆ ಬಾಳುವ ಕುದುರೆ. ಕುದುರೆ ಬೇಗ ಸವೆದರೆ ನಷ್ಟ ಸರ್ಕಾರದ್ದು, ಹಾಗಾಗಿ ತಾಳ್ಮೆ ಲಾಭದಾಯಕವಾಗಿತ್ತು. ಜರ್ಮನ್ ಅಶ್ವದಳದ ಕೈಪಿಡಿಗಳಿಂದಲೇ ಬೆಳೆದು ಬಂದದ್ದು ಇವತ್ತಿನ ಪಳಗಿಕೆಯ ಆರು ಮೆಟ್ಟಿಲುಗಳು: ಲಯ, ಸಡಿಲತೆ, ಕಡಿವಾಣದೊಂದಿಗಿನ ಹಗುರ ಸಂಪರ್ಕ, ಚಿಮ್ಮುವ ಶಕ್ತಿ, ನೇರತೆ, ಕೊನೆಯಲ್ಲಿ ಭಾರ ಹಿಂದಕ್ಕೆ ಕೂಡಿಸುವುದು. ಸಡಿಲತೆ ಎರಡನೆಯದು, ಕತ್ತಿನ ಕಮಾನು ಆರನೆಯದರ ಫಲ. ಕ್ರಮ ತಪ್ಪಿದರೆ ಕುದುರೆ ಕೆಡುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

1912ರಿಂದ ಡ್ರೆಸ್ಸೇಜ್ ಒಲಿಂಪಿಕ್ಸ್‌ನಲ್ಲಿದೆ. ಆದರೆ ಅದು ಸೇನಾಧಿಕಾರಿಗಳಿಗಷ್ಟೇ ಸೀಮಿತವಾಗಿತ್ತು. ಸ್ವೀಡನ್ ತಂಡದಲ್ಲೊಬ್ಬ ನಿಜವಾಗಿ ಅಧಿಕಾರಿಯಲ್ಲ, ಸಾರ್ಜೆಂಟ್ ಎಂದು ಗೊತ್ತಾಗಿ 1948ರ ತಂಡ ಚಿನ್ನವನ್ನೇ ವಾಪಸು ಪಡೆದಿದ್ದರು. 1952ರ ಹೆಲ್ಸಿಂಕಿಯಲ್ಲಿ ಮಹಿಳೆಯರಿಗೂ ನಾಗರಿಕರಿಗೂ ಬಾಗಿಲು ತೆರೆಯಿತು. ಅದು ಆಗಬೇಕಾದದ್ದೇ. ಆದರೆ ಅಶ್ವದಳಗಳು ಮುಚ್ಚಿದ ಮೇಲೆ ಕುದುರೆ ಸರ್ಕಾರದ ಆಸ್ತಿಯಾಗಿ ಉಳಿಯಲಿಲ್ಲ. ಹರಾಜಿನಲ್ಲಿ ಬಿಕರಿಯಾಗುವ, ಐದು, ಆರು, ಏಳನೇ ವಯಸ್ಸಿಗೆಂದೇ ವಿಶ್ವ ಚಾಂಪಿಯನ್‌ಷಿಪ್ ಇರುವ ಸರಕಾಯಿತು. ಬೆನ್ನೆಲುಬಿನ ಬೆಳವಣಿಗೆ ಐದೂವರೆ ಆರು ವರ್ಷದವರೆಗೂ ಮುಗಿದಿರುವುದಿಲ್ಲ. ಆ ವಯಸ್ಸಿಗೆ ಕಣ್ಸೆಳೆಯುವ ಓಟ ತೋರಿಸಿದ ಕುದುರೆಗೆ ಬೆಲೆ ಬರುವುದಾದರೆ, ಮಾರುವವನಿಗೆ ತಾಳ್ಮೆ ಯಾಕೆ ಬೇಕು?

ರೋಲ್‌ಕೂರ್ ಬಂದದ್ದು ಈ ಹೊತ್ತಿನಲ್ಲೇ. ಕುದುರೆಯ ಗದ್ದ ಎದೆಗೆ ತಾಗುವಷ್ಟು ಕತ್ತನ್ನು ಸುರುಳಿ ಸುತ್ತಿಸಿ ಕೆಲಸ ಮಾಡಿಸುವ ವಿಧಾನ ಇದು. 1988 ಮತ್ತು 1992ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಜರ್ಮನಿಯ ನಿಕೋಲ್ ಉಪ್‌ಹಾಫ್ ತಮ್ಮ ರೆಂಬ್ರಾಂಟ್ ಕುದುರೆಯನ್ನು ತುಂಬ ಆಳಕ್ಕೆ ಬಾಗಿಸಿ ಸಜ್ಜುಗೊಳಿಸುತ್ತಿದ್ದಾಗಲೇ ಗೊಣಗಾಟ ಶುರುವಾಗಿತ್ತು. 2000, 2004, 2008ರಲ್ಲಿ ಡಚ್ ಸವಾರೆ ಆಂಕಿ ಫಾನ್ ಗ್ರುನ್ಸ್‌ವೆನ್ ಸತತ ಮೂರು ವೈಯಕ್ತಿಕ ಚಿನ್ನ ಗೆದ್ದ ಮೇಲೆ ಅದು ಗೆಲುವಿನ ಸೂತ್ರವೇ ಆಯಿತು. ಬೆನ್ನು ಹಿಗ್ಗುತ್ತದೆ, ಕುದುರೆಯ ಗಮನ ಸವಾರನ ಮೇಲಿರುತ್ತದೆ ಎಂಬುದು ಅವರ ಸಮರ್ಥನೆ.

ಒಳಗೆ ನಡೆಯುವುದೇನು ನೋಡೋಣ. ಕುದುರೆ ಬಾಯಿಂದ ಉಸಿರಾಡುವ ಪ್ರಾಣಿಯಲ್ಲ, ಉಸಿರೆಲ್ಲ ಮೂಗಿನಿಂದಲೇ. ಕತ್ತು ಮಡಿಚಿದಾಗ ಗಂಟಲಿನ ಹಾದಿ ಕಿರಿದಾಗುವುದು ಎಂಡೋಸ್ಕೋಪಿಯಲ್ಲಿ ನೇರವಾಗಿ ಕಾಣುತ್ತದೆ. ದವಡೆಯ ಹಿಂದಿನ ಜೊಲ್ಲುಗ್ರಂಥಿ ಒತ್ತಿಕೊಳ್ಳುತ್ತದೆ, ಮುಂದಿನ ದಾರಿ ಕಾಣದೆ ತನ್ನ ಕಾಲ ಬುಡವೇ ಕಾಣುತ್ತದೆ. ಕುದುರೆ ಸುಮ್ಮನಾಗುವುದು ಹೌದು, ಓಡಿಹೋಗುವ ದಾರಿಯೇ ಕಾಣದ ಪ್ರಾಣಿ ಸುಮ್ಮನಾಗದೆ ಏನು ಮಾಡೀತು? ಕುದುರೆಯನ್ನೇ ಕೇಳಿದ ಪ್ರಯೋಗವೊಂದಿದೆ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 15 ಕುದುರೆಗಳನ್ನು ಕವಲುದಾರಿಯಲ್ಲಿ ಸವಾರಿ ಮಾಡಿಸಿದರು. ಒಂದು ಕವಲಿಗೆ ಹೋದರೆ ರೋಲ್‌ಕೂರ್, ಇನ್ನೊಂದಕ್ಕೆ ಹೋದರೆ ಸಹಜವಾಗಿ ಬಾಗಿದ ಕತ್ತು. ಆಯ್ಕೆ ಬಿಟ್ಟುಕೊಟ್ಟಾಗ 14 ಕುದುರೆಗಳು ಸಹಜದ ಕವಲನ್ನೇ ಹೆಚ್ಚು ಸಲ ಹಿಡಿದವು. ಚೆನ್ನಾಗಿ ಪಳಗಿದ ಕುದುರೆಗಳಲ್ಲಿ ಒತ್ತಡದ ಅಳತೆಗಳು ಏರದ ಅಧ್ಯಯನಗಳೂ ಇವೆ, ಸಮರ್ಥಕರು ಅವನ್ನು ಮುಂದಿಡುತ್ತಾರೆ. ನಮ್ಮ ಮಟ್ಟಿಗೆ, ಹದಿನಾಲ್ಕು ಕುದುರೆಗಳ ಉತ್ತರವೇ ಹೆಚ್ಚು ತೂಕದ್ದು.

2009ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕ್‌ನ ಓಡೆನ್ಸೆಯಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ವಾರ್ಮ್‌ಅಪ್ ಅಂಗಳದಲ್ಲಿ ಕತ್ತು ಸುತ್ತಿಸಿಕೊಂಡು ಓಡುತ್ತಿದ್ದ ಕುದುರೆಯೊಂದರ ನಾಲಿಗೆ ನೀಲಿಯಾಗಿ ಹೊರಗೆ ಜೋತುಬಿದ್ದದ್ದನ್ನು ವೆಬ್ ವಾಹಿನಿಯೊಂದು ಚಿತ್ರಿಸಿತು. ಸವಾರ ನಿಲ್ಲಿಸಿ, ನಾಲಿಗೆ ಒಳಗೆ ಸೇರಿಸಿ, ಮತ್ತೆ ಹೊರಟ. ವಿಡಿಯೊ ಜಗತ್ತು ಸುತ್ತಿತು. 2010ರ ಫೆಬ್ರವರಿ 9ರಂದು ಲೊಸಾನ್‌ನಲ್ಲಿ ಎಫ್‌ಇಐ ದುಂಡುಮೇಜಿನ ಸಭೆ ಕರೆದಾಗ, ಜರ್ಮನ್ ಪಶುವೈದ್ಯ ಗೆರ್ಡ್ ಹಾಯ್ಶ್‌ಮನ್ ಸುಮಾರು 41,000 ಸಹಿಗಳ ಮನವಿ ಹೊತ್ತು ಬಂದಿದ್ದರು. ಸಭೆಯ ತೀರ್ಮಾನ ಹೀಗಿತ್ತು: ಬಲಪ್ರಯೋಗದಿಂದ ಕತ್ತು ಅತಿಯಾಗಿ ಬಾಗಿಸುವುದು ಒಪ್ಪತಕ್ಕದ್ದಲ್ಲ. ಬಲವಿಲ್ಲದೆ ತಗ್ಗಿಸಿ, ಆಳಕ್ಕಿಳಿಸಿ, ಸುತ್ತಿಸುವುದು ಆಗಬಹುದು. ಒಂದೇ ಭಂಗಿಯಲ್ಲಿ 10 ನಿಮಿಷ ಮೀರಬಾರದು ಎಂಬುದು ಆಮೇಲಿನ ಮಾರ್ಗಸೂಚಿಯಲ್ಲಿ ಸೇರಿತು. ಬಲ ಎಂದರೆ ಎಷ್ಟು ಎಂಬುದಕ್ಕೆ ಅಳತೆ ಇಡಲಿಲ್ಲ. ಅಂಗಳದ ಬದಿಯಲ್ಲಿ ನಿಂತು ನಿಯಮ ಪಾಲನೆ ನೋಡಿಕೊಳ್ಳುವ ಸ್ಟುವರ್ಡ್ ಬರಿಗಣ್ಣಲ್ಲಿ ಲಗಾಮಿನ ಬಿಗಿ ಊಹಿಸಬೇಕು, ಅದೂ ಒಲಿಂಪಿಕ್ ಚಾಂಪಿಯನ್‌ಗೆ ಎದುರಾಗಿ. ಸ್ವಿಟ್ಜರ್ಲೆಂಡ್ ಮಾತ್ರ ಸುತ್ತುಬಳಸದೆ 2014ರಿಂದ ರೋಲ್‌ಕೂರ್ ಅನ್ನು ಕಾನೂನಿನಲ್ಲೇ ನಿಷೇಧಿಸಿತು.

ಬಾಯಿಯ ಸಂಗತಿ ಇನ್ನೂ ಸೂಕ್ಷ್ಮ. ಮೇಲ್ಮಟ್ಟದ ಡ್ರೆಸ್ಸೇಜ್‌ನಲ್ಲಿ ಕುದುರೆಯ ಬಾಯಲ್ಲಿ ಎರಡು ಕಡಿವಾಣ ಇರುತ್ತವೆ. ತೆಳು ಕೀಲಿನದೊಂದು, ಸನ್ನೆಗೋಲಿನಂತೆ ಕೆಲಸ ಮಾಡುವ ಕರ್ಬ್ ಇನ್ನೊಂದು. ಕರ್ಬ್‌ನ ಕೆಳಗಿನ ತೋಳು 10 ಸೆಂಟಿಮೀಟರ್ ದಾಟುವಂತಿಲ್ಲ. ಅದರ ಲಗಾಮು ಎಳೆದರೆ ಗದ್ದದಡಿಯ ಸರಪಳಿ ಬಿಗಿಯಾಗಿ, ನಾಲಿಗೆಯ ಮೇಲೂ ಹಲ್ಲಿಲ್ಲದ ವಸಡಿನ ಮೇಲೂ ಕೈಯೆಳೆತದ ಕೆಲವು ಪಟ್ಟು ಒತ್ತಡ ಬೀಳುತ್ತದೆ. ಆ ವಸಡಿನಡಿ ಮೂಳೆಯ ಅಂಚು ಚೂಪಾಗಿದೆ, ಮೇಲೆ ಇರುವುದು ತೆಳುವಾದ ಪೊರೆ. ನೋವಾದರೆ ಕುದುರೆ ಬಾಯಿ ತೆರೆಯುತ್ತದೆ. ಬಾಯಿ ತೆರೆದರೆ ಅಂಕ ಹೋಗುತ್ತದೆ. ಅದಕ್ಕೇ ಮೂಗುಪಟ್ಟಿಯನ್ನು ಬಿಗಿದು ಬಾಯಿ ಮುಚ್ಚಿಸುತ್ತಾರೆ. ರಾಟೆಯಂತೆ ಎರಡು ಸುತ್ತು ಎಳೆದು ಬಿಗಿಯುವ ಪಟ್ಟಿಗಳಲ್ಲಿ ಎಷ್ಟು ಬಿಗಿದೆವು ಎಂಬುದು ಬಿಗಿಯುವವನ ಕೈಗೂ ತಿಳಿಯುವುದಿಲ್ಲ.

ಹಳೆಯ ನಿಯಮ ಎರಡು ಬೆರಳಿನದು. ಮೂಗಿನ ಮೂಳೆಯ ನಡುಮಧ್ಯದಲ್ಲಿ, ಪಟ್ಟಿಯ ಕೆಳಗೆ, ದೊಡ್ಡವರ ಎರಡು ಬೆರಳು ಒಂದರ ಪಕ್ಕ ಒಂದು ಸಲೀಸಾಗಿ ಹೋಗಬೇಕು. ಕೆನ್ನೆಯ ಬದಿಯಲ್ಲಿ ಬೆರಳು ತೂರಿಸಿ ಸರಿಯಿದೆ ಎನ್ನುವುದು ಎಲ್ಲ ಲಾಯಗಳಲ್ಲೂ ನಡೆಯುವ ತಪ್ಪು. ಅಲ್ಲಿ ಮೆತ್ತಗಿನ ಮಾಂಸ ಇರುವುದರಿಂದ ಎಷ್ಟು ಬಿಗಿದಿದ್ದರೂ ಬೆರಳಿಗೆ ಜಾಗ ಸಿಗುತ್ತದೆ. ಐರ್ಲೆಂಡ್, ಇಂಗ್ಲೆಂಡ್, ಬೆಲ್ಜಿಯಂಗಳ ಪಂದ್ಯಗಳಲ್ಲಿ 750 ಕುದುರೆಗಳ ಪಟ್ಟಿಯನ್ನು ಅಳತೆಗೋಲಿನಿಂದ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇ 44ರಷ್ಟು ಕುದುರೆಗಳಲ್ಲಿ ಅಳತೆಗೋಲಿನ ತುದಿಗೂ ಜಾಗವಿರಲಿಲ್ಲ. ಎರಡು ಬೆರಳಿನ ಜಾಗ ಇದ್ದದ್ದು ಶೇ 7ರಷ್ಟರಲ್ಲಿ ಮಾತ್ರ. 2025ರ ಮೇ ತಿಂಗಳಿಂದ ಎಫ್‌ಇಐ ತನ್ನದೇ ಅಳತೆಗೋಲು ತಂದಿದೆ. ಈಗ 1.5 ಸೆಂಟಿಮೀಟರ್ ಜಾಗ ಇರಲೇಬೇಕು.

ಇಲ್ಲೊಂದು ತೊಡಕನ್ನು ಮುಚ್ಚಿಡಬಾರದು. ಡೆನ್ಮಾರ್ಕ್‌ನಲ್ಲಿ 3,143 ಸ್ಪರ್ಧಾ ಕುದುರೆಗಳನ್ನು ನೋಡಿದ ಅಧ್ಯಯನದಲ್ಲಿ ಶೇ 9.2ರಷ್ಟಕ್ಕೆ ಬಾಯಿಯ ಮೂಲೆಯಲ್ಲಿ ಗಾಯವಿತ್ತು. ಪಟ್ಟಿ ಸಡಿಲ ಇದ್ದವುಗಳಲ್ಲಿ ಗಾಯ ಹೆಚ್ಚು, ಪಟ್ಟಿಯೇ ಇಲ್ಲದವುಗಳಲ್ಲಿ ಇನ್ನೂ ಹೆಚ್ಚು. ಹಾಗಾದರೆ ಬಿಗಿಯುವುದೇ ಒಳ್ಳೆಯದೇ? ನಾವು ಹಾಗೆ ಓದುವುದಿಲ್ಲ. ಪಟ್ಟಿ ಸಡಿಲಿಸಿದರೂ ಕೈ ಸಡಿಲವಾಗದಿದ್ದರೆ ಕಡಿವಾಣ ಬಾಯಲ್ಲಿ ಓಲಾಡಿ ಚರ್ಮ ಸಿಕ್ಕಿಸಿಕೊಳ್ಳುತ್ತದೆ. ಪಟ್ಟಿಯನ್ನು ಅಳೆಯುವ ಸಾಧನ ಬಂದಿದೆ, ಲಗಾಮನ್ನು ಹಿಡಿದ ಕೈಯನ್ನು ಅಳೆಯುವ ನಿಯಮ ಬಂದಿಲ್ಲ.

ಚಾವಟಿಯ ವಿಷಯಕ್ಕೆ ಬಂದರೆ 2024ರ ಜುಲೈ ಎಲ್ಲರಿಗೂ ನೆನಪಿರುತ್ತದೆ. ಪ್ಯಾರಿಸ್ ಒಲಿಂಪಿಕ್ಸ್‌ಗೆ ದಿನಗಳಿರುವಾಗ, ಮೂರು ಚಿನ್ನ ಗೆದ್ದಿದ್ದ ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್ ಹಿಂದೆ ಸರಿದರು. ತರಬೇತಿಯೊಂದರಲ್ಲಿ ಉದ್ದ ಚಾವಟಿಯಿಂದ ಕುದುರೆಯ ಕಾಲಿಗೆ ಪದೇ ಪದೇ ಹೊಡೆದ ವಿಡಿಯೊ ಹೊರಬಂದಿತ್ತು. ಎಫ್‌ಇಐ ಒಂದು ವರ್ಷದ ನಿಷೇಧ, 10,000 ಸ್ವಿಸ್ ಫ್ರಾಂಕ್ ದಂಡ ವಿಧಿಸಿತು.

ಕಾಲು ಎತ್ತಿಸಲು ಹೊಡೆತವೇ ಬೇಕೆಂದಿಲ್ಲ. ಪಿಯಾಫ್ ಎಂದರೆ ನಿಂತಲ್ಲೇ ಲಯಬದ್ಧ ಟ್ರಾಟ್ (ಕುದುರೆಯ ಸಣ್ಣ ಓಟ), ಡ್ರೆಸ್ಸೇಜ್‌ನ ಅತಿ ಕಷ್ಟದ ಪಾಠಗಳಲ್ಲೊಂದು. ಅದನ್ನು ಮೊದಲು ನೆಲದಲ್ಲಿ ನಿಂತು ಕಲಿಸುತ್ತಾರೆ. ಗೋಡೆಯ ಪಕ್ಕ ಕುದುರೆಯನ್ನು ನಡೆಸುತ್ತ, ಹೆಜ್ಜೆ ಚಿಕ್ಕದಾಗಿಸಿ, ತೆಳು ಬೆತ್ತದ ತುದಿಯಿಂದ ಹಿಂಗಾಲಿಗೆ ಮುಟ್ಟಿಸಿದಂತೆ ಮಾಡಿದರೆ ಎರಡು ಮೂರು ಅರ್ಧ ಹೆಜ್ಜೆ ಬರುತ್ತವೆ. ಬಂದ ಕೂಡಲೇ ನಿಲ್ಲಿಸಿ, ಲಗಾಮು ಬಿಟ್ಟು, ಕತ್ತು ಸವರಬೇಕು. ಅಲ್ಲಿಗೆ ಆ ದಿನದ ಪಾಠ ಮುಗಿದರೂ ಸರಿಯೇ. ಹೆಜ್ಜೆ ಸ್ವಲ್ಪ ಮುಂದಕ್ಕೆ ಸಾಗುತ್ತಲೇ ಇರಬೇಕು, ಪೂರ್ತಿ ನಿಂತಲ್ಲೇ ಮಾಡಿಸುವುದು ತಿಂಗಳುಗಳ ನಂತರದ ಮಾತು. ಅವಸರ ಮಾಡಿದವರ ಕುದುರೆ ಗುರುತು ಬಿಟ್ಟುಕೊಡುತ್ತದೆ: ಸೊಂಟ ತಗ್ಗುವ ಬದಲು ಹಿಂಭಾಗ ಪುಟಿಯುತ್ತದೆ, ಮುಂಗಾಲು ಹೊಟ್ಟೆಯಡಿಗೆ ಹಿಂದೆ ಸರಿದು ಮೇಕೆ ಬಂಡೆ ಮೇಲೆ ನಿಂತಂತೆ ಕಾಣುತ್ತದೆ, ಮೈ ಎಡಕ್ಕೂ ಬಲಕ್ಕೂ ತೂಗುತ್ತದೆ. ಭಾರ ಹಿಂಗಾಲಿಗೆ ಹೋಗಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಾಲಿನಿಂದ ಮುಂದಕ್ಕೆ ಒತ್ತುತ್ತ ಕೈಯಿಂದ ಹಿಂದಕ್ಕೆ ಎಳೆದರೆ, ಬ್ರೇಕು ಆಕ್ಸಿಲರೇಟರು ಒಟ್ಟಿಗೆ ತುಳಿದ ಗಾಡಿಯಂತೆ ಕುದುರೆಗೆ ಯಾವುದಕ್ಕೆ ಉತ್ತರ ಕೊಡಬೇಕೋ ತಿಳಿಯದಾಗುತ್ತದೆ. ಕುದುರೆ ಕಲಿಯುವುದು ಒತ್ತಡದಿಂದಲ್ಲ, ಸರಿಯಾದ ಕ್ಷಣಕ್ಕೆ ಒತ್ತಡ ತೆಗೆಯುವುದರಿಂದ.

ನಮ್ಮ ದೇಶದಲ್ಲಿ ಈ ಆಟ ಇನ್ನೂ ಚಿಕ್ಕದು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಡ್ರೆಸ್ಸೇಜ್ ತಂಡ ಚಿನ್ನ ಗೆದ್ದಿತು. ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ, ಮೂರು ಹಂತಗಳ ಅಶ್ವಸ್ಪರ್ಧೆಯಾದ ಈವೆಂಟಿಂಗ್‌ನ ಮೊದಲ ಹಂತವೂ ಡ್ರೆಸ್ಸೇಜೇ. ನಮ್ಮಲ್ಲಿ ಕುದುರೆಯ ಬಾಯಿಗೆ ದೊಡ್ಡ ಗಂಡಾಂತರ ಟಾಂಗಾ ಮತ್ತು ಮದುವೆ ಮೆರವಣಿಗೆಗಳ ಮುಳ್ಳು ಕಡಿವಾಣ. ಅದನ್ನು 1965ರ ನಿಯಮಗಳಲ್ಲೇ ನಿಷೇಧಿಸಿದ್ದರೂ ಬಳಕೆ ನಿಂತಿಲ್ಲ. ಸವಾರಿ ಶಾಲೆಗೆ ಮಕ್ಕಳನ್ನು ಸೇರಿಸುವವರು ಅಲ್ಲಿನ ಮೂಗುಪಟ್ಟಿಗೆ ಎರಡು ಬೆರಳು ತೂರಿಸಿ ನೋಡುವುದರಲ್ಲಿ ಸಂಕೋಚ ಬೇಕಿಲ್ಲ.

ಸವಾರಿಯಲ್ಲಿರುವ ಕುದುರೆಯ ನೋವು ಗುರುತಿಸಲು ಬ್ರಿಟಿಷ್ ಪಶುವೈದ್ಯೆ ಸ್ಯೂ ಡೈಸನ್ 24 ವರ್ತನೆಗಳ ಪಟ್ಟಿ ಕೊಟ್ಟಿದ್ದಾರೆ. ಕಿವಿ 5 ಸೆಕೆಂಡ್ ಮೀರಿ ಹಿಂದಕ್ಕೆ ಮಡಿಚಿರುವುದು, ಬಾಯಿ ಪದೇ ಪದೇ ತೆರೆಯುವುದು, ಬಾಲ ಬೀಸುತ್ತಲೇ ಇರುವುದು, ಮೂಗು ಲಂಬ ಗೆರೆಗಿಂತ 10 ಡಿಗ್ರಿ ಮೀರಿ ಹಿಂದಿರುವುದು ಅದರಲ್ಲಿ ಸೇರಿವೆ. ಎಂಟು ಅಥವಾ ಹೆಚ್ಚು ಕಂಡರೆ ಎಲ್ಲೋ ನೋವಿದೆ ಎಂದೇ ತಿಳಿಯಬೇಕು. ಇನ್ನೊಂದು ಪರೀಕ್ಷೆ ಡ್ರೆಸ್ಸೇಜ್‌ನ ಒಳಗೇ ಇದೆ, ಕೆಳಹಂತದ ಸ್ಪರ್ಧೆಗಳಲ್ಲಿ ಅದಕ್ಕೆ ಅಂಕವೂ ಉಂಟು. ಓಡುತ್ತಿರುವಾಗಲೇ ಸವಾರ ಎರಡು ಮೂರು ಹೆಜ್ಜೆಗಳ ಮಟ್ಟಿಗೆ ಕೈಯನ್ನು ಕುದುರೆಯ ಕತ್ತಿನುದ್ದಕ್ಕೆ ಮುಂದೆ ಚಾಚಿ ಲಗಾಮು ಜೋಲುಬಿಡಬೇಕು. ಕಮಾನು ಹಿಂಗಾಲಿನಿಂದ ಬಂದಿದ್ದರೆ ಕತ್ತು, ಲಯ ಎರಡೂ ಇದ್ದಂತೆಯೇ ಇರುತ್ತವೆ, ಮೂಗು ಒಂದಿಷ್ಟು ಮುಂದೆ ಬರುತ್ತದೆ ಅಷ್ಟೆ. ಕೈಯಿಂದ ಬಂದಿದ್ದರೆ ತಲೆ ತಟ್ಟನೆ ಮೇಲೆ ಹಾರುತ್ತದೆ ಅಥವಾ ಕುದುರೆ ಓಟ ಕೀಳುತ್ತದೆ. ಈ ಮೂರು ಹೆಜ್ಜೆಗಳಿಗೆ ಒಲಿಂಪಿಕ್ ಮಟ್ಟದ ಗ್ರಾಂಡ್ ಪ್ರಿ ಅಂಕಪಟ್ಟಿಯಲ್ಲಿ ದೊಡ್ಡ ಅಂಕವಿಟ್ಟರೆ, ವಾರ್ಮ್‌ಅಪ್ ಅಂಗಳದ ಅಭ್ಯಾಸಗಳು ಒಂದೇ ಋತುವಿನಲ್ಲಿ ಬದಲಾಗುತ್ತವೆ.