ಹನ್ನೆರಡು ಗುಂಟೆ ಎಲ್ಲಿ ಹೋಯಿತು: ಬಡಾವಣೆ ನಕ್ಷೆ ಮತ್ತು ಪುಟ್ಟ ಲಿಸ್ಪ್ ಸ್ಕ್ರಿಪ್ಟ್‌ಗಳು

ಮೈಸೂರಿನ ಬೋಗಾದಿ ಕಡೆಯ ಒಂದು ಬಡಾವಣೆಯ ನಕ್ಷೆ ನಮ್ಮ ಕಚೇರಿಗೆ ಬಂದಾಗ ಅದರಲ್ಲಿ 180 ನಿವೇಶನಗಳಿದ್ದವು. ಪ್ರತಿಯೊಂದರ ವಿಸ್ತೀರ್ಣವನ್ನು ನಕ್ಷೆ ಬಿಡಿಸುವ ತಂತ್ರಾಂಶವಾದ ಆಟೋಕ್ಯಾಡ್‌ನ ಏರಿಯಾ ಕಮಾಂಡ್‌ನಿಂದ ತೆಗೆದು, ಚೀಟಿಯಲ್ಲಿ ಗುರುತು ಹಾಕಿಕೊಂಡು, ಆಮೇಲೆ ಪಟ್ಟಿಗೆ ಏರಿಸುವುದು ಡ್ರಾಫ್ಟ್ಸ್‌ಮನ್‌ಗೆ ಇಡೀ ದಿನದ ಕೆಲಸ. ರಸ್ತೆಯ ಅಗಲ ಬದಲಾಗಿ ನಕ್ಷೆ ವಾಪಸು ಬಂದರೆ ಅದೇ ಕೆಲಸ ಮತ್ತೊಮ್ಮೆ. ಇಂಥ ಕೆಲಸಕ್ಕಾಗಿಯೇ ನಾವು ಆಟೋಕ್ಯಾಡ್‌ಗೆ ಆದೇಶ ಬರೆಯುವ ಭಾಷೆಯಾದ ಆಟೋಲಿಸ್ಪ್‌ನಲ್ಲಿ ನಲವತ್ತು ಸಾಲಿನೊಳಗಿನ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದುಕೊಂಡೆವು.

ಆಟೋಲಿಸ್ಪ್ ಹೊಸದೇನಲ್ಲ. ಜಾನ್ ಮೆಕಾರ್ಥಿ 1958ರಲ್ಲಿ ರೂಪಿಸಿದ ಲಿಸ್ಪ್ ಭಾಷೆಯ ಈ ಕವಲು 1986ರಿಂದಲೇ ಆಟೋಕ್ಯಾಡ್‌ನೊಳಗೆ ಇದೆ. ಕಡಿಮೆ ಬೆಲೆಯ ಎಲ್‌ಟಿ ಆವೃತ್ತಿಯನ್ನು ಬಳಸುವ ಸಣ್ಣ ಕಚೇರಿಗಳಿಗೆ ಬಹುಕಾಲ ಈ ಅನುಕೂಲ ಇರಲಿಲ್ಲ; 2024ರ ಆವೃತ್ತಿಯಿಂದ ಅದರಲ್ಲೂ ಲಿಸ್ಪ್ ಕಡತಗಳು ನಡೆಯುತ್ತವೆ. ನಮ್ಮ ಊರಿನ ಹಲವರಿಗೆ ಇದು ಇನ್ನೂ ತಿಳಿದಂತಿಲ್ಲ.

ನಕ್ಷೆಯ ಪ್ರತಿಯೊಂದು ಗೆರೆಯ ವಿವರವನ್ನೂ ಆಟೋಕ್ಯಾಡ್ ಸಂಕೇತ ಸಂಖ್ಯೆಗಳ ಜೊತೆಗೆ ಇಟ್ಟುಕೊಂಡಿರುತ್ತದೆ. ಪಾಲಿಲೈನ್ (ಹಲವು ತುಂಡುಗಳು ಸೇರಿ ಒಂದೇ ಆದ ಗೆರೆ) ಆದರೆ ಸಂಕೇತ 8ರಲ್ಲಿ ಅದು ಇರುವ ಲೇಯರ್‌ನ, ಅಂದರೆ ಪದರದ, ಹೆಸರು, 10ರಲ್ಲಿ ಮೂಲೆಗಳು, 70ರಲ್ಲಿ ಆ ಪಾಲಿಲೈನ್ ಕೊನೆ ಮೊದಲಿಗೆ ಸೇರಿ ಮುಚ್ಚಿದೆಯೋ ತೆರೆದಿದೆಯೋ ಎಂಬ ಗುರುತು. ನಿವೇಶನಗಳ ಲೇಯರ್‌ನಲ್ಲಿ ಮುಚ್ಚಿದ ಪಾಲಿಲೈನ್‌ಗಳನ್ನೆಲ್ಲ ಹೆಕ್ಕಿ, ವಿಸ್ತೀರ್ಣ ತೆಗೆದು, ಎಕ್ಸೆಲ್ ತೆರೆಯಬಲ್ಲ ಕಡತಕ್ಕೆ ಸಾಲಾಗಿ ಬರೆಯುವುದು ನಮ್ಮ ಸ್ಕ್ರಿಪ್ಟ್‌ನ ಕೆಲಸ. ಮೊದಲ ಸಲ ನಡೆಸಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಸಿದ್ಧವಾಯಿತು, ಎಲ್ಲರಿಗೂ ಸಂತೋಷವಾಯಿತು.

ಆದರೆ ನಿವೇಶನ, ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಲಭ್ಯದ ಜಾಗಗಳನ್ನೆಲ್ಲ ಕೂಡಿದಾಗ ಬಂದ ಮೊತ್ತ ಪಹಣಿಯ ಎಕರೆ-ಗುಂಟೆಗೆ ತಾಳೆಯಾಗಲಿಲ್ಲ; ಸುಮಾರು ಹನ್ನೆರಡು ಗುಂಟೆ ಕಡಿಮೆ ಬರುತ್ತಿತ್ತು. ಒಂದು ಗುಂಟೆ ಎಂದರೆ 1089 ಚದರ ಅಡಿ. ಕಾಣೆಯಾದ ಜಾಗವನ್ನು ಮೂವತ್ತು-ನಲವತ್ತರ ನಿವೇಶನದ 1200 ಚದರ ಅಡಿಯಿಂದ ಭಾಗಿಸಿದರೆ ಸರಿಯಾಗಿ ಹನ್ನೊಂದು ಬಂತು. ಪಟ್ಟಿಯ ಕ್ರಮಸಂಖ್ಯೆಯನ್ನು ಸ್ಕ್ರಿಪ್ಟ್ ತಾನೇ ಹಾಕುತ್ತಿದ್ದುದರಿಂದ ನಡುವೆ ಎಲ್ಲೂ ಸಂಖ್ಯೆ ತಪ್ಪಿರಲಿಲ್ಲ. ಪಟ್ಟಿ ಮುಗಿದದ್ದು 180ಕ್ಕಲ್ಲ, 169ಕ್ಕೆ ಎಂಬುದನ್ನು ಮಾತ್ರ ಸಂತೋಷದಲ್ಲಿ ಯಾರೂ ನೋಡಿರಲಿಲ್ಲ.

ತಪ್ಪು ಆ 70ರ ಸಂಕೇತದಲ್ಲಿತ್ತು, ಅದನ್ನು ಬರೆದವನು ನಾನೇ. ಮುಚ್ಚಿದ ಪಾಲಿಲೈನ್‌ಗೆ ಅಲ್ಲಿ 1 ಇರುತ್ತದೆಂದು ತಿಳಿದು, 1 ಇದ್ದರೆ ಮಾತ್ರ ತೆಗೆದುಕೋ ಎಂದು ಬರೆದಿದ್ದೆ. ಆ ಹನ್ನೊಂದು ನಿವೇಶನಗಳ ಗಡಿಯನ್ನು ತುಂಡುಗೆರೆಯಲ್ಲಿ ಎಳೆದಿದ್ದವರು, ತುಂಡುಗಳು ಮೂಲೆಯಲ್ಲೂ ಒಂದೇ ಸಮನೆ ಹರಿಯಲೆಂದು ಲೈನ್‌ಟೈಪ್ ಜನರೇಶನ್ ಆನ್ ಮಾಡಿದ್ದರು. ಅದರ ಗುರುತಾದ 128 ಇದೇ ಸ್ಥಾನದಲ್ಲಿ ಕೂಡಿಕೊಳ್ಳುತ್ತದೆ. ಹೀಗಾಗಿ ಅಲ್ಲಿದ್ದದ್ದು 129. ಒಟ್ಟು ಸಂಖ್ಯೆಯನ್ನು ಹೋಲಿಸದೆ, ಲಾಗ್‌ಆ್ಯಂಡ್ ಫಂಕ್ಷನ್‌ನಿಂದ ಅದರಲ್ಲಿ 1ರ ಬಿಟ್, ಅಂದರೆ 1ರ ಗುರುತು, ಸೇರಿದೆಯೇ ಎಂಬುದನ್ನಷ್ಟೇ ನೋಡುವುದು ಸರಿಯಾದ ಕ್ರಮ.

ಇದಕ್ಕಿಂತ ಅಪಾಯಕಾರಿಯಾದದ್ದು ತೆರೆದ ಪಾಲಿಲೈನ್. ಮೊದಲ ಮತ್ತು ಕೊನೆಯ ಬಿಂದುವಿನ ನಡುವೆ ನೇರ ಗೆರೆ ಇದೆಯೆಂದು ಭಾವಿಸಿಕೊಂಡು ಆಟೋಕ್ಯಾಡ್ ಅದಕ್ಕೂ ವಿಸ್ತೀರ್ಣ ಕೊಟ್ಟುಬಿಡುತ್ತದೆ. ಕೈಯಲ್ಲಿ ಮಾಡುವವನಿಗಾದರೆ ಒಮ್ಮೆಯಾದರೂ ಅನುಮಾನ ಬಂದೀತು, ಸ್ಕ್ರಿಪ್ಟ್‌ಗೆ ಬರುವುದಿಲ್ಲ. ಆದ್ದರಿಂದ ಈಗ ನಮ್ಮ ಸ್ಕ್ರಿಪ್ಟ್ ಶುರುವಿನಲ್ಲೇ ಪಹಣಿಯ ಎಕರೆ-ಗುಂಟೆಯನ್ನೂ ನಿವೇಶನಗಳ ಸಂಖ್ಯೆಯನ್ನೂ ಕೇಳುತ್ತದೆ, ತೆರೆದ ಪಾಲಿಲೈನ್ ಕಂಡರೆ ಅದಕ್ಕೆ ಕೆಂಪು ಬಣ್ಣ ಹಚ್ಚಿ ಅಲ್ಲಿಗೇ ನಿಲ್ಲುತ್ತದೆ, ಎಲ್ಲ ಸರಿಯಿದ್ದಾಗ ಮಾತ್ರ ಪಟ್ಟಿಯನ್ನೂ ವ್ಯತ್ಯಾಸವನ್ನೂ ಬರೆಯುತ್ತದೆ. ಸ್ಕ್ರಿಪ್ಟ್ ಎರಡರಷ್ಟು ಉದ್ದವಾಯಿತು, ಸಮಯವೇನೂ ಹೆಚ್ಚಾಗಲಿಲ್ಲ.

ಇನ್ನೊಂದು ತಕರಾರು ದಶಮಾಂಶದ್ದು. ಮೂವತ್ತು-ನಲವತ್ತು ಅಡಿಯ ನಿವೇಶನವೆಂದರೆ 9.144 ಮತ್ತು 12.192 ಮೀಟರ್, ವಿಸ್ತೀರ್ಣ 111.48 ಚದರ ಮೀಟರ್. ನಕ್ಷೆಯಲ್ಲಿ ಬದಿಗಳನ್ನು ಎರಡೇ ದಶಮಾಂಶಕ್ಕೆ ಇಳಿಸಿ 9.14, 12.19 ಎಂದು ಬರೆದರೆ, ಪರಿಶೀಲಿಸುವವರು ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿದಾಗ ಬರುವುದು 111.42. ಇಂಥ 180 ನಿವೇಶನಗಳಿದ್ದರೆ ವ್ಯತ್ಯಾಸ ಹನ್ನೆರಡು ಚದರ ಮೀಟರ್‌ನಷ್ಟಾಗುತ್ತದೆ. ಬದಿಗಳಿಗೆ ಮೂರು ದಶಮಾಂಶ ಕೊಡುವುದೇ ಉತ್ತಮವೆಂದು ನನ್ನ ಅಭಿಪ್ರಾಯ. ಅಂಕಿಗಳು ಒತ್ತೊತ್ತಾಗಿ ಕಾಣುತ್ತವೆ ನಿಜ, ಆದರೆ ಆಕ್ಷೇಪಣೆಗೆ ಉತ್ತರ ಬರೆಯುವುದು ತಪ್ಪುತ್ತದೆ.

ಗೆರೆ ಎಳೆಯುವ ಸ್ಕ್ರಿಪ್ಟ್‌ಗಳಲ್ಲಿ ಎಲ್ಲರೂ ಒಮ್ಮೆಯಾದರೂ ಎಡವುವುದು ಬಿಂದುವನ್ನು ಹತ್ತಿರದ ಮೂಲೆ, ತುದಿಗಳಿಗೆ ಹಿಡಿಸುವ ಆಬ್ಜೆಕ್ಟ್ ಸ್ನ್ಯಾಪ್ ಸೌಲಭ್ಯದಲ್ಲಿ. ಅದು ಆನ್ ಇದ್ದರೆ ಸ್ಕ್ರಿಪ್ಟ್ ಕೊಟ್ಟ ಬಿಂದು ಪಕ್ಕದ ಮೂಲೆಗೆ ಅಂಟಿಕೊಳ್ಳುತ್ತದೆ, ಅದೂ ಪರದೆಯ ಝೂಮ್‌ಗೆ ತಕ್ಕಂತೆ ಒಮ್ಮೆ ಹೀಗೆ, ಒಮ್ಮೆ ಹಾಗೆ. ಸ್ನ್ಯಾಪ್‌ನ ಸ್ಥಿತಿಯನ್ನು ಹಿಡಿದಿಡುವ ಆಸ್‌ಮೋಡ್ ಎಂಬ ಸಂಖ್ಯೆಯ ಬೆಲೆಯನ್ನು ಉಳಿಸಿಕೊಂಡು ಸೊನ್ನೆ ಮಾಡಿ, ಕೆಲಸ ಮುಗಿದಾಗ ಮಾತ್ರವಲ್ಲದೆ ಎಸ್ಕೇಪ್ ಒತ್ತಿ ನಡುವೆ ನಿಲ್ಲಿಸಿದಾಗಲೂ ಮೊದಲಿನ ಬೆಲೆಗೆ ಮರಳಿಸಬೇಕು. ಇಲ್ಲವಾದರೆ ಸ್ನ್ಯಾಪ್ ಹಿಡಿಯುತ್ತಿಲ್ಲ ಎಂಬ ದೂರು ಸಂಜೆಯವರೆಗೂ ಕೇಳಬೇಕಾಗುತ್ತದೆ.

ಕನ್ನಡ ಬರಹವಿರುವ ನಕ್ಷೆಗಳಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಬರೆದ ಅಕ್ಷರಗಳ ಹಿಂದೆ ಇರುವುದು ಇಂಗ್ಲಿಷ್ ಅಕ್ಷರಗಳೇ. ಎಲ್ಲ ಬರಹವನ್ನೂ ಕ್ಯಾಪಿಟಲ್ ಮಾಡುವ ಸ್ಕ್ರಿಪ್ಟ್ ನಡೆಸಿದರೆ, ‘ಕನ್ನಡ’ ಎಂಬ ಪದದ ಡಕಾರಕ್ಕೆ ಆಧಾರವಾದ ಸಣ್ಣ ಕ್ಯೂ ದೊಡ್ಡ ಕ್ಯೂ ಆಗಿ, ಆ ಜಾಗದಲ್ಲಿ ‘ಕಿ’ ಬಂದು ಕೂರುತ್ತದೆ. ಗ್ರಾಮದ ಹೆಸರಿನಿಂದ ಚೆಕ್ಕುಬಂದಿಯವರೆಗೆ ಎಲ್ಲವೂ ಕಲಸುಮೇಲೋಗರ. ಫಾಂಟ್ ಯಾವುದೆಂದು ಸ್ಟೈಲ್ ನೋಡಿ ನುಡಿ ಇದ್ದದ್ದನ್ನು ಬಿಟ್ಟು ಮುಂದುವರಿಯುವಂತೆ ಸ್ಕ್ರಿಪ್ಟ್‌ನಲ್ಲೇ ಬರೆದಿಡಬೇಕು.

ಬೇರೆಯವರಿಂದ ಪಡೆದ ಸ್ಕ್ರಿಪ್ಟ್‌ಗಳನ್ನು ನಾನೂ ಬಳಸುತ್ತೇನೆ, ಆದರೆ ಓದಿ ಅರ್ಥಮಾಡಿಕೊಂಡು, ನಕ್ಷೆಯ ನಕಲೊಂದರ ಮೇಲೆ ನಡೆಸಿ ನೋಡಿದ ಮೇಲೆ. ನಂಬಿಕೆಯ ಪಟ್ಟಿಯಲ್ಲಿಲ್ಲದ ಫೋಲ್ಡರ್‌ನ ಸ್ಕ್ರಿಪ್ಟ್ ತೆರೆಯುವಾಗ ಬರುವ ಸೆಕ್ಯೂರ್‌ಲೋಡ್ ಎಚ್ಚರಿಕೆ ಕಿರಿಕಿರಿಯೆಂದು ಅದನ್ನು ಆಫ್ ಮಾಡಬಾರದು. ನಮ್ಮ ಸ್ಕ್ರಿಪ್ಟ್‌ಗಳಿಗೆ ಒಂದು ಫೋಲ್ಡರ್ ಮಾಡಿ ಅದನ್ನು ಟ್ರಸ್ಟೆಡ್ ಪಾತ್ಸ್ ಎಂಬ ಆ ಪಟ್ಟಿಯಲ್ಲಿ ಸೇರಿಸಿದರೆ ಸಾಕು. ಪೆನ್‌ಡ್ರೈವ್‌ನಲ್ಲಿ ಬಂದ ನಕ್ಷೆಗಳ ಜೊತೆ ಎಕ್ಯಾಡ್‌ಡಾಕ್ ಎಂಬ ಹೆಸರಿನ ಲಿಸ್ಪ್ ಕಡತವಿದ್ದರೆ, ಪ್ರತಿ ನಕ್ಷೆ ತೆರೆದಾಗಲೂ ತಾನಾಗಿಯೇ ನಡೆಯುವಂಥ ಕಡತ ಅದು. ಕಳಿಸಿದವರಿಗೆ ಫೋನ್ ಮಾಡಿ ಕೇಳಿ, ಅವರಿಗೂ ಗೊತ್ತಿಲ್ಲವೆಂದರೆ ಯಾವ ನಕ್ಷೆಯನ್ನೂ ತೆರೆಯುವ ಮೊದಲೇ ಅದನ್ನು ಅಳಿಸಿಬಿಡಿ.