ರೆಡ್ ಸ್ಟಾಕಿಂಗ್ಸ್ 1869ರಲ್ಲಿ ಗೆದ್ದದ್ದು 56 ಪಂದ್ಯವೋ, 57 ಪಂದ್ಯವೋ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ತಂಡ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್‌ನ 1869ರ ಗೆಲುವನ್ನು ಒಬ್ಬರು 57 ಅಂತಾರೆ, ಇನ್ನೊಬ್ಬರು 56 ಅಂತಾರೆ, 60 ದಾಟಿಸುವವರೂ ಇದ್ದಾರೆ. ಹಳೇ ಪತ್ರಿಕೆ ತೆಗೆದು ನಾನೇ ಎಣಿಸಬಹುದೇ?

ಉತ್ತರ: ಧಾರಾಳವಾಗಿ. ಆದರೆ ಯಾವ ಪಂದ್ಯ ಲೆಕ್ಕಕ್ಕೆ, ಯಾವುದು ಅಲ್ಲ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. 57 ಎಂಬುದು ನ್ಯಾಷನಲ್ ಅಸೋಸಿಯೇಷನ್ ಆಫ್ ಬೇಸ್ ಬಾಲ್ ಪ್ಲೇಯರ್ಸ್ ಸಂಘದ ಸದಸ್ಯ ಕ್ಲಬ್‌ಗಳ ವಿರುದ್ಧದ ಗೆಲುವು. ಹೊರಗಿನ ತಂಡಗಳ ಜೊತೆ ಆಡಿದ್ದನ್ನೂ ಸೇರಿಸಿದರೆ 60 ದಾಟುತ್ತದೆ.

56ರ ತಕರಾರು ಒಂದೇ ಪಂದ್ಯದ್ದು. ಆಗಸ್ಟ್ 26ರಂದು ಸಿನ್ಸಿನಾಟಿಯಲ್ಲಿ ಟ್ರಾಯ್ ಊರಿನ ಹೇಮೇಕರ್ಸ್ ಎದುರು ಸ್ಕೋರು 17–17. ಬ್ಯಾಟ್ ಸವರಿ ಬಂದ ಚೆಂಡು ಕ್ಯಾಚ್ ಆಯಿತೇ ಇಲ್ಲವೇ ಎಂದು ಜಗಳ ಹತ್ತಿ, ಹೇಮೇಕರ್ಸ್ ಮೈದಾನ ಬಿಟ್ಟು ನಡೆದರು. ಅಂಪೈರ್ ಗೆಲುವನ್ನು ಸಿನ್ಸಿನಾಟಿಗೆ ಕೊಟ್ಟರು. ಇದನ್ನು ಡ್ರಾ ಎಂದವರಿಗೆ 56, ಗೆಲುವು ಎಂದವರಿಗೆ 57. ಇಂಥ ಪಂದ್ಯಕ್ಕೆ ಎರಡೂ ಊರಿನ ಪತ್ರಿಕೆ ಓದದೆ ಷರಾ ಬರೆಯಬೇಡಿ. ತವರಿನ ವರದಿಗಾರ ತವರಿನ ಪರವೇ.

ಎಲ್ಲಿ ಹುಡುಕುವುದು? ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೇ ಪತ್ರಿಕೆಗಳ ಡಿಜಿಟಲ್ ಸಂಗ್ರಹ ಕ್ರಾನಿಕ್ಲಿಂಗ್ ಅಮೆರಿಕ ಉಚಿತ. ನ್ಯೂಯಾರ್ಕ್ ಕ್ಲಿಪ್ಪರ್ ವಾರಪತ್ರಿಕೆ ಇಲಿನಾಯ್ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿದೆ. ತಂಡ ಸೆಪ್ಟೆಂಬರಿನಲ್ಲಿ, ಆಗಷ್ಟೇ ಪೂರ್ಣಗೊಂಡಿದ್ದ ಖಂಡಾಂತರ ರೈಲುಮಾರ್ಗ ಹಿಡಿದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿತ್ತಲ್ಲ, ಆ ಪ್ರವಾಸಕ್ಕೆ ಕ್ಯಾಲಿಫೋರ್ನಿಯಾ ಡಿಜಿಟಲ್ ನ್ಯೂಸ್‌ಪೇಪರ್ ಕಲೆಕ್ಷನ್‌ನಲ್ಲಿರುವ ಡೈಲಿ ಆಲ್ಟಾ ಕ್ಯಾಲಿಫೋರ್ನಿಯಾ ನೋಡಿ.

ಹುಡುಕುಪದ ಹಾಕುವಾಗ ‘ಬೇಸ್ ಬಾಲ್’ ಎರಡು ಪದ. ಆಗ ಕೂಡಿಸಿ ಬರೆಯುವ ರೂಢಿ ಇರಲಿಲ್ಲ. ಸ್ಕ್ಯಾನ್ ಮಾಡಿದ ಪುಟದ ಅಕ್ಷರಗಳನ್ನು ಯಂತ್ರ ಓದುವುದರಿಂದ ಸಣ್ಣ ಅಚ್ಚಿನ ಸ್ಕೋರ್‌ಕಾರ್ಡು ಹೆಚ್ಚಾಗಿ ಕೆಡುತ್ತದೆ. ಫಸ್ಟ್ ಬೇಸ್‌ನ ಆಟಗಾರ ಗೌಲ್ಡ್ (Gould) ಹೆಸರನ್ನು ಅದು ‘ಕುಡ್’ (Could) ಎಂದು ಓದಿಬಿಟ್ಟರೆ ಆ ಪುಟ ನಿಮ್ಮ ಕೈಗೆ ಸಿಗುವುದೇ ಇಲ್ಲ. ಹೆಸರು ಬಿಟ್ಟು ತಾರೀಖು ಹಿಡಿದು ಹೋಗಿ: ಪಂದ್ಯದ ಮರುದಿನದಿಂದ ನಾಲ್ಕು ದಿನದ ಸಂಚಿಕೆಗಳನ್ನು ಪುಟಪುಟವಾಗಿ ತಿರುಗಿಸಿ. ವರದಿಯಲ್ಲಿ ‘ನಿನ್ನೆ’ ಎಂದಿದ್ದರೆ ಎಣಿಸಬೇಕಾದದ್ದು ಪತ್ರಿಕೆಯ ತಾರೀಖಿನಿಂದಲ್ಲ, ತಂತಿ ಸುದ್ದಿಯ ತಲೆಯಲ್ಲಿರುವ ತಾರೀಖಿನಿಂದ. ಒಂದೇ ಪಂದ್ಯ ಎರಡು ದಿನಾಂಕದಲ್ಲಿ ದಾಖಲಾಗುವುದು ಇಲ್ಲಿಯೇ.

ಸ್ಕೋರ್‌ಕಾರ್ಡು ಸಿಕ್ಕಿತೆನ್ನಿ. ಪ್ರತಿ ಆಟಗಾರನ ಮುಂದೆ ಸಾಮಾನ್ಯವಾಗಿ ಎರಡು ಅಂಕಣ: ಔಟ್ ಮತ್ತು ರನ್. ಒಂಬತ್ತು ಜನರ ಔಟ್ ಕೂಡಿಸಿ. ಇನ್ನಿಂಗ್ಸಿಗೆ ಮೂರು ಔಟ್, ಒಂಬತ್ತು ಇನ್ನಿಂಗ್ಸಿಗೆ 27 ಬರಬೇಕು. ರನ್‌ಗಳ ಮೊತ್ತ ಕೆಳಗಿನ ಇನ್ನಿಂಗ್ಸ್ ಸಾಲಿನ ಮೊತ್ತಕ್ಕೆ ಹೊಂದಬೇಕು. ಔಟ್ 26 ಬಂದರೆ ಅಚ್ಚುಮೊಳೆ ಜೋಡಿಸಿದವನ ತಪ್ಪಿರಬಹುದು, ಮಸುಕಾದ 3 ನಿಮ್ಮ ಕಣ್ಣಿಗೆ 2 ಆಗಿರಲೂಬಹುದು. ಇನ್ನೊಂದು ಪತ್ರಿಕೆಗೆ ಹೋಗಿ. ಯಾರು ಮೊದಲು ಬ್ಯಾಟ್ ಮಾಡಿದರು ಎಂದು ಊಹಿಸಬೇಡಿ, ಆಗ ಅದಕ್ಕೂ ಟಾಸ್. ಎರಡನೇ ಬೇಸಿನ ಸ್ವೀಜಿಯ ಹೆಸರಿನ ಕಾಗುಣಿತವಂತೂ ಪತ್ರಿಕೆಗೊಂದು.

ಎದುರಾಳಿ ‘ಫಾರೆಸ್ಟ್ ಸಿಟಿ’ ಎಂದಷ್ಟೇ ಇದ್ದರೆ ನಿಲ್ಲಿ: ರಾಕ್‌ಫರ್ಡ್‌ನಲ್ಲಿ ಒಂದು, ಕ್ಲೀವ್‌ಲ್ಯಾಂಡ್‌ನಲ್ಲಿ ಇನ್ನೊಂದು. ಇನ್ನೂ ದೊಡ್ಡ ಗುಂಡಿ ‘ರೆಡ್ ಸ್ಟಾಕಿಂಗ್ಸ್’ ಎಂಬ ಹೆಸರೇ. 1870ರ ಕೊನೆಗೆ ಸಿನ್ಸಿನಾಟಿ ಕ್ಲಬ್ ಸಂಬಳದ ಆಟಗಾರರನ್ನು ಕೈಬಿಟ್ಟಿತು. ನಾಯಕ ಹ್ಯಾರಿ ರೈಟ್ ಬಾಸ್ಟನ್‌ಗೆ ಹೋಗಿ ಅಲ್ಲಿನ ತಂಡಕ್ಕೂ ಅದೇ ಹೆಸರು ಒಯ್ದರು. ಜಾರ್ಜ್ ರೈಟ್, ಗೌಲ್ಡ್, ಮೆಕ್‌ವೇ ಕೂಡ ಜೊತೆಗೆ ಹೋದರು. ಹಾಗಾಗಿ 1871ರ ಪುಟದಲ್ಲಿ ತಂಡದ ಹೆಸರೂ ಅದೇ, ನಾಲ್ಕು ಆಟಗಾರರೂ ಅವರೇ; ಊರಿನ ಹೆಸರು ಓದದೆ ಆ ಸ್ಕೋರನ್ನು ಸಿನ್ಸಿನಾಟಿಯ ಖಾತೆಗೆ ಬರೆಯಬೇಡಿ.